ಬೇಲಿಯಾಚೆಗೆ ಬಂದ ಗಣತಿ

ಒದ್ದೆ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಮೊನ್ನೆ ಹಿರಿಯೂರಿನಲ್ಲಿ ದೇಶದ ಜನಗಣತಿಗೆ ಶಿಕ್ಷಕರನ್ನೆಲ್ಲ ಕೂರಿಸಿ ತರಬೇತಿ ಕೊಡುತ್ತಿದ್ದರು. ಬೆಳಗಿನಿಂದ ಜಿಟಿಜಿಟಿ ಮಳೆ. ಮಧ್ಯಾಹ್ನದ ಚಿತ್ರಾನ್ನ ಹೊಟ್ಟೆಗೆ ಇಳಿದ ಮೇಲೆ ಅರ್ಧ ಸಭಾಂಗಣ ತೂಕಡಿಸುತ್ತಿತ್ತು. ಕಾವಲುಗಾರ ಒಳಗೆ ಬಂದು ತನ್ನ ನೆನೆದ ಕಂಬಳಿಯನ್ನು ನಮ್ಮ ಪಕ್ಕದ ಕಿಟಕಿಯ ಸರಳಿಗೆ ಹರವಿ ಹೋದ. ನನ್ನ ಜೊತೆ ಕೂತಿದ್ದ ಮೇಡಂ ತಟ್ಟನೆ ಮೂಗಿಗೆ ಸೆರಗು ಹಿಡಿದರು. ನಾನು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡೆ.

“ಏನ್ರೀ, ಮಲ್ಲಿಗೆ ಹೂವು ಮೂಸಿದಂಗೆ ಮೂಸ್ತೀರಲ್ರಿ!” ಎಂದರು ಅವರು.

ನಗು ಬಂತು. ಏನೆಂದು ಹೇಳಲಿ? ಆ ವಾಸನೆಯ ಒಳಗೆ ನನ್ನ ಕಳೆದ ವರ್ಷದ ದಸರಾ ರಜೆ ಇಡೀ ಇತ್ತು. ಹಟ್ಟಿಯೊಂದರ ಜನವೆಲ್ಲ ಇದ್ದರು. ಒಬ್ಬ ಬಾಣಂತಿ ಇದ್ದಳು.

ರಜೆ ಎಂದದ್ದು ಬರೀ ಹೆಸರಿಗೆ. ಹೊಳಲ್ಕೆರೆಯ ತವರಿಗೆ ಹೋಗಿ ಅಮ್ಮನ ಕೈಯ ಹೋಳಿಗೆ ತಿಂದು ಮಲಗಬೇಕು, ಎದ್ದು ಮತ್ತೆ ಮಲಗಬೇಕು ಎಂದು ಶಾಲೆ ಶುರುವಾದಾಗಿನಿಂದ ಕನಸು ಕಂಡಿದ್ದೆ. ಅಷ್ಟರಲ್ಲಿ ರಾಜ್ಯದ ಜಾತಿ ಸಮೀಕ್ಷೆಗೆ ಮೇಷ್ಟ್ರುಗಳೇ ಮನೆಮನೆಗೆ ಹೋಗಬೇಕು ಎಂಬ ಆದೇಶ ಬಂತು. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು. ‘ಜನಗಣತಿಯ ಮಹತ್ವ’ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆಯುವವಳು. ಆ ಮಹತ್ವ ನನ್ನ ತಲೆಯ ಮೇಲೇ ಬಂದು ಕೂತಾಗ ಬಾಯಿಗೆ ಬಂದಂತೆ ಬೈದೆ. ನನ್ನ ಸಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಿತ್ರದುರ್ಗದಲ್ಲಿ ಕೆಲಸ ಮಾಡುವ ನನ್ನ ಗಂಡ ಆ ವಾರ ಫೋನು ಮಾಡಿದಾಗಲೆಲ್ಲ ಹವಾಮಾನದ ಬಗ್ಗೆಯಷ್ಟೇ ಮಾತಾಡಿದರು.

ನನಗೆ ಬಂದದ್ದು ಯಲ್ಲದಕೆರೆಯಿಂದ ಒಳಗೆ ಹೋದರೆ ಸಿಗುವ ಒಂದು ಗೊಲ್ಲರಹಟ್ಟಿ. ಬಸ್ಸು ಇಳಿದು ನಡೆದರೆ ಎಡಕ್ಕೂ ಬಲಕ್ಕೂ ಈರುಳ್ಳಿ ಹೊಲ. ಆ ವರ್ಷ ಹಿಂಗಾರು ಬಿಡದೆ ಹಿಡಿದಿತ್ತು. ಕಿತ್ತ ಈರುಳ್ಳಿಯ ರಾಶಿಗಳಿಗೆ ಟಾರ್ಪಾಲು ಮುಚ್ಚಿ, ಗಾಳಿಗೆ ಹಾರದಂತೆ ಕಲ್ಲು ಹೇರಿ, ಜನ ಆಕಾಶ ನೋಡುತ್ತ ಕೂತಿರುತ್ತಿದ್ದರು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮೋಡದೊಳಗೆ ಕೈ ಆಡಿಸುತ್ತಿದ್ದವು. ಹಟ್ಟಿಯ ಸುತ್ತ ಎದೆಮಟ್ಟದ ಮುಳ್ಳುಬೇಲಿ, ಒಂದೇ ಬಾಗಿಲು. ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಒಳಗೆ ಹಟ್ಟಿದೇವರ ಗುಡಿ, ಕುರಿದೊಡ್ಡಿ, ಒಂದಕ್ಕೊಂದು ಆತುಕೊಂಡ ಮನೆಗಳು. ಮೊದಲ ದಿನ ಕೆಸರಿನಲ್ಲಿ ಬರಿಗಾಲಲ್ಲಿ ಜಾರಿ ಬಿದ್ದೆ. ಅಲ್ಲಿಂದ ಹಟ್ಟಿಯವರು ನನ್ನನ್ನು ತಮ್ಮವಳೆಂದು ಒಪ್ಪಿಕೊಂಡರು. ಬಿದ್ದವರ ಮೇಲೆ ನಮ್ಮ ಜಿಲ್ಲೆಯ ಜನಕ್ಕೆ ಬೇಗ ಪ್ರೀತಿ ಬರುತ್ತದೆ.

ಸಮೀಕ್ಷೆ ನಡೆಯುತ್ತಿದ್ದದ್ದು ಮೊಬೈಲಿನಲ್ಲಿ. ಕರೆಂಟು ಮೀಟರು ಇರುವ ಮನೆಗಳಿಗೆಲ್ಲ ಮೊದಲೇ ಒಂದು ಚೀಟಿ ಅಂಟಿಸಿ ಹೋಗಿದ್ದರು. ಆ ಚೀಟಿಯ ನಂಬರು ಒತ್ತಿದರೆ ಆ್ಯಪು ತೆರೆಯುತ್ತಿತ್ತು, ಅಥವಾ ತೆರೆಯುತ್ತೇನೆ ಎಂದು ಸುತ್ತುತ್ತಾ ಇರುತ್ತಿತ್ತು. ಮನೆ ಯಜಮಾನನ ನಂಬರಿಗೆ ಒಟಿಪಿ ಹೋಗುತ್ತಿತ್ತು. ಆ ಫೋನು ಕುರಿ ಕಾಯುವವನ ಜೇಬಿನಲ್ಲಿ ಯಾವುದೋ ಬಯಲಲ್ಲಿರುತ್ತಿತ್ತು. ಹಾಗಾಗಿ ಒಂದೊಂದು ಮನೆಯ ಜಗಲಿಯ ಮೇಲೂ ನಾನು ಬಹಳ ಹೊತ್ತು ಕೂತೆ. ಕೂತಾಗ ಕೈ ಸುಮ್ಮನಿರಲಿಲ್ಲ. ಕಿತ್ತು ತಂದ ಶೇಂಗಾ ಗಿಡದಿಂದ ಕಾಯಿ ಬಿಡಿಸುತ್ತ ಬಿಡಿಸುತ್ತ ಬರೆದುಕೊಂಡೆ.

ಅರ್ಧ ಹಟ್ಟಿ ಮುಗಿದಿತ್ತು. ಮೇಲಿನವರು ಬೆಳಗ್ಗೆಯೇ ಫೋನು ಮಾಡಿ, “ಮೇಡಂ, ಇವತ್ತು ಸಂಜೆಗೆ ಆ ಹಟ್ಟಿ ಮುಗೀಬೇಕು, ನಾಳೆ ನಿಮ್ಮನ್ನ ಆದಿವಾಲದ ಕಡೆ ಹಾಕಿದೀವಿ” ಎಂದಿದ್ದರು. ಒಮ್ಮೆ ಮನೆಯ ವಿವರ ಕಳಿಸಿದರೆ ಮತ್ತೆ ಅದನ್ನು ತಿದ್ದಲು ನನ್ನಿಂದ ಆಗುತ್ತಿರಲಿಲ್ಲ. ಅಂಥ ದಿನ ನಾನು ಚಿಕ್ಕಣ್ಣನ ಮನೆ ಮುಂದೆ ಕೂತೆ.

ಚಿಕ್ಕಣ್ಣ ಮೂವತ್ತರ ಆಸುಪಾಸಿನವನು. ಮೆತ್ತಗಿನ ಮಾತು. ಅವನ ತಾಯಿ ಕರಿಯಮ್ಮ ಜಗಲಿಯ ಇನ್ನೊಂದು ತುದಿಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನ್ನ ಅಮ್ಮನಿಗಿಂತ ಹಿರಿಯಳು, ಬೆನ್ನು ಮಾತ್ರ ನನಗಿಂತ ನೆಟ್ಟಗಿತ್ತು.

“ಮನೇಲಿ ಎಷ್ಟು ಜನ ಚಿಕ್ಕಣ್ಣ?”

“ಮೂರು ಜನ ಮೇಡಂ. ಅವ್ವ, ನಾನು, ನನ್ ತಮ್ಮ.”

“ತಮ್ಮ ಎಲ್ಲಿ? ಕಾಣಿಸಲಿಲ್ಲ.”

“ಹೊಸದುರ್ಗದ ಕಡೆ ಹೋಗವ್ನೆ, ಹಾಲುರಾಮೇಶ್ವರದ ಆಚೆ. ಕುರಿ ಹೊಡ್ಕಂಡು. ದೀಪಾವಳಿಗೆ ಬತ್ತಾನೆ.”

ಸರಿ, ಮೂರು ಒತ್ತಿದೆ. ಮುಂದಿನದು ಜಾತಿ. ಚಿಕ್ಕಣ್ಣ ಯೋಚನೆಯನ್ನೇ ಮಾಡಲಿಲ್ಲ. “ಗೊಲ್ಲ ಅಂತ ಬರ್ಕಳ್ರಿ. ಹಿಂದಿನ ಕಾಗದದಾಗೆಲ್ಲ ಹಂಗೇ ಐತೆ.”

ನನ್ನ ಬೆರಳು ಇನ್ನೂ ಗಾಳಿಯಲ್ಲಿತ್ತು. ಬೇಲಿಯ ಆಚೆಯಿಂದ ಒಂದು ಹೆಣ್ಣು ದನಿ ಹಟ್ಟಿಗೆಲ್ಲ ಕೇಳುವಂತೆ ಕೂಗಿತು.

“ಕಾಡುಗೊಲ್ಲ ಅಂತ ಬರ್ಕಳ್ರಿ ಮೇಡಂ! ಗೊಲ್ಲ ಅಲ್ಲ, ಕಾಡುಗೊಲ್ಲ!”

ಅದರ ಹಿಂದೆಯೇ ಒಂದು ಕೂಸು ಅತ್ತಿತು. ಎಳೆಯ ಕೂಸಿನ, ಇನ್ನೂ ಗಂಟಲು ಕೂಡದ ಅಳು.

“ಯಾರದು?” ಎಂದೆ.

ಚಿಕ್ಕಣ್ಣ ನೆಲ ನೋಡಿದ. “ನನ್ ಹೆಂಡ್ತಿ ಮೇಡಂ. ಕವಿತಾ.”

“ಮೂರು ಜನ ಅಂದೆಯಲ್ಲಪ್ಪ?”

“ಒಳಗಿರೋರು ಮೂರೇ ಜನ. ಅವ್ಳು ಹೆತ್ತು ಹೊರಗವ್ಳೆ. ಸೂತಕ ಕಳೀಬೇಕು.”

“ಹೊಸದುರ್ಗದಲ್ಲಿರೋ ತಮ್ಮ ಒಳಗಿದ್ದಾನಾ ಹಾಗಾದ್ರೆ?”

“ಅವ್ನು ಕುರಿ ಜತೆಗವ್ನೆ ಮೇಡಂ. ಕುರಿ ನಮ್ಮವಲ್ವಾ?” ಎಂದ, ಇಷ್ಟೂ ತಿಳಿಯದ ಮೇಡಂ ಮಕ್ಕಳಿಗೆ ಏನು ಕಲಿಸುತ್ತಾಳೋ ಎನ್ನುವ ಮುಖದಲ್ಲಿ.

ಅವನು ಸುಳ್ಳು ಹೇಳಿರಲಿಲ್ಲ, ಮರೆತೂ ಇರಲಿಲ್ಲ. ಅವನ ಲೆಕ್ಕದಲ್ಲಿ ಮನೆ ಎಂದರೆ ಬೇಲಿ. ಕುರಿ ಎಲ್ಲಿಗೆ ಹೋದರೂ ಬೇಲಿ ಅದರ ಜೊತೆ ಹೋಗುತ್ತಿತ್ತು. ತಾಲ್ಲೂಕು ದಾಟಿದ ತಮ್ಮ ಮನೆಯೊಳಗಿದ್ದ. ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಹೆಂಡತಿ, ಮಗಳು ಇರಲಿಲ್ಲ. ಹೆತ್ತವಳನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವುದು, ಹೊತ್ತು ಹೊತ್ತಿಗೆ ಊಟ ದೂರದಿಂದ ಇಟ್ಟು ಬರುವುದು, ಸೂತಕ ಕಳೆದ ಮೇಲೆ ನೀರು ಹಾಕಿ ದೇವರ ಮುಂದೆ ನಿಲ್ಲಿಸಿ ಒಳಗೆ ಕರೆದುಕೊಳ್ಳುವುದು ಅಲ್ಲಿನ ನಡೆ. ಅಲ್ಲಿಯವರೆಗೆ ಕೂಸಿಗೆ ಹೆಸರೂ ಇಲ್ಲ.

“ಅವರಿಬ್ಬರನ್ನೂ ಸೇರಿಸ್ತೀನಿ, ವಿವರ ಹೇಳು” ಎಂದೆ.

ಚಿಕ್ಕಣ್ಣ ಗಾಬರಿಯಾದ. “ಬ್ಯಾಡ ಮೇಡಂ. ದೇವ್ರಿಗೇ ಇನ್ನೂ ಒಪ್ಪಿಸಿಲ್ಲ ಮಗೂನ, ಸರ್ಕಾರಕ್ಕೆ ಹೆಂಗ್ ಒಪ್ಪಿಸ್ಲಿ? ಒಳಗ್ ಬಂದ್ಮ್ಯಾಲೆ ಬಂದು ಬರ್ಕಳ್ರಿ.”

“ಅಷ್ಟೊತ್ತಿಗೆ ಸಮೀಕ್ಷೆ ಇರೋದಿಲ್ಲ. ನಾನೂ ಇರೋದಿಲ್ಲ.”

“ಮುಂದಿನ ಸಲ ಬರಸ್ತೀವಿ ಬಿಡ್ರಿ.”

ಮುಂದಿನ ಸಲ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದ್ದು ಸೀದಾ ಬೇಲಿಯ ಹತ್ತಿರ ಹೋದೆ. ಮುಳ್ಳಿನ ಸಂದಿಯಿಂದ ಕಾಣಿಸಿತು: ಹುಣಸೆಮರದ ಬುಡದಲ್ಲಿ ತೆಂಗಿನ ಗರಿ ಹೊದಿಸಿದ, ಬಗ್ಗಿ ನುಗ್ಗಬೇಕಾದ ಒಂದು ಗುಡಿಸಲು. ಇರಚಲು ಒಳಗೆ ಬಡಿಯುತ್ತಿತ್ತು. ಬಾಗಿಲಲ್ಲಿ ಒಬ್ಬ ಹುಡುಗಿ ತನಗೂ ಕೂಸಿಗೂ ಸೇರಿಸಿ ಒಂದೇ ಕಂಬಳಿ ಹೊದ್ದು ಕೂತಿದ್ದಳು. ಹುಡುಗಿ ಎನ್ನದೆ ಏನನ್ನಲಿ, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು ಅವಳಿಗೆ.

“ನನ್ನ ಬರ್ಕಂಡ್ರಾ ಮೇಡಂ?” ಎಂದಳು.

“ಇನ್ನೂ ಇಲ್ಲ.”

“ಬರ್ಕಳ್ದೆ ಹೋಗ್‌ಬ್ಯಾಡ್ರಿ. ನನ್ ಹೆಸ್ರು, ನನ್ ಜಾತಿ ನಾನೇ ಹೇಳ್ತೀನಿ. ಇನ್ನೊಬ್ರು ಹೇಳಿದ್ದು ಸಾಕು ನಂಗೆ.”

ಅವಳು ಬೇಲಿಯಾಚೆಯಿಂದಲೇ ಹೇಳಿದ್ದು ಇಷ್ಟು. ಊರಲ್ಲಿರುವ ಗೊಲ್ಲರು ಬೇರೆ, ಹಟ್ಟಿ ಕಟ್ಟಿಕೊಂಡ ಕಾಡುಗೊಲ್ಲರು ಬೇರೆ. ಶಾಲೆಗೆ ಸೇರಿಸುವಾಗ ಅವಳ ಅಪ್ಪನನ್ನು ಮೇಷ್ಟ್ರು ಒಂದು ಮಾತೂ ಕೇಳಲಿಲ್ಲ. ಹೆಗಲ ಮೇಲಿನ ಕಂಬಳಿ ನೋಡಿ ತಾವೇ ಕುರುಬರು ಎಂದು ಬರೆದುಕೊಂಡರು. ಹಿರಿಯೂರಿನಲ್ಲಿ ಪಿಯುಸಿ ಒಳ್ಳೆ ಅಂಕದಲ್ಲಿ ಮುಗಿಸಿ ನರ್ಸಿಂಗ್ ಓದಬೇಕೆಂದು ಹೊರಟಾಗ ಬೇಕಾದ ಜಾತಿ ಪ್ರಮಾಣಪತ್ರ ಸಿಗಲಿಲ್ಲ. ಶಾಲೆಯ ದಾಖಲೆಯಲ್ಲಿರುವುದು ಬೇರೆ, ನೀನು ಹೇಳುವುದು ಬೇರೆ ಎಂದರು. ಚಿತ್ರದುರ್ಗಕ್ಕೆ ಅಪ್ಪ ಮಗಳು ಅಲೆದದ್ದೇ ಬಂತು. ಸೀಟು ಹೋಯಿತು. ಮದುವೆಯಾಯಿತು.

“ನನ್ ಕಥೆ ಮುಗೀತು ಬಿಡ್ರಿ ಮೇಡಂ” ಎಂದಳು. “ಈ ಮಗೂನ ಮಾತ್ರ ನಾನೇ ಬರೆಸ್ಬೇಕು. ಯಾವ ಮನೇದು, ಯಾರ ಪೈಕಿ ಅಂತ ಇವತ್ತೇ, ಹುಟ್ಟಿದ್ ಕೂಡ್ಲೇ ಬರೆಸ್ಬೇಕು.”

ಸರ್ವೆಗೆ ಕೊಟ್ಟ ಹೆಸರಿನಿಂದ ನಾಳೆ ಯಾರಿಗೂ ಪ್ರಮಾಣಪತ್ರ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಹೇಳಿದೆ. ಅವಳು ತಲೆಯಾಡಿಸಿದಳು. “ಗೊತ್ತೈತೆ ಮೇಡಂ. ಲೆಕ್ಕದಾಗೆ ಇರ್ಲಿ ಅಂತ. ನಾವೆಷ್ಟ್ ಜನ ಇದೀವಿ ಅಂತ ಗೊತ್ತಾಗೋದಾದ್ರೂ ಹೆಂಗೆ, ಹೊರಗಿರೋರ್ನ ಬಿಟ್ರೆ?”

ಮನೆ ಯಜಮಾನ ಹೇಳದ ಹೆಸರನ್ನು ಅವರ ಎದುರಿಗೇ ಕೂತು ಕೇಳದೆ ಸೇರಿಸುವಂತಿರಲಿಲ್ಲ. ನಾನು ತಿರುಗಿ ಬೇಲಿಯ ಬಾಗಿಲ ಕಡೆ ಹೊರಟೆ. ಚಿಕ್ಕಣ್ಣ ಅಡ್ಡ ಬಂದ. “ಮೇಡಂ, ನೀವು ಅತ್ತಾಗ್ ಹೋದ್ರೆ ಇವತ್ತು ಮತ್ತೆ ಒಳಕ್ ಬರಂಗಿಲ್ಲ. ಮೈಲಿಗೆ ಆಗ್ತದೆ. ಉಳಿದ ಮನೆ ಅಷ್ಟೂ ಬಾಕಿ ಅವೆ. ಒಬ್ಳಿಗೋಸ್ಕರ ಹಟ್ಟಿಯೋರ್ನೆಲ್ಲ ಬಿಟ್ ಹೋಗ್ತೀರಾ?”

ಕಾಲು ನಿಂತಿತು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತ ಹೋದರೆ ಅರ್ಧ ಹಟ್ಟಿ ಲೆಕ್ಕದಿಂದ ಹೊರಗೆ, ಇತ್ತ ಇದ್ದರೆ ತಾಯಿ ಮಗಳು ಹೊರಗೆ. ಜಗಲಿಗೆ ವಾಪಸು ಬಂದು ಕೂತೆ. ಆ್ಯಪು ಇನ್ನೂ ಸುತ್ತುತ್ತಿತ್ತು. ಮಳೆ ಹನಿಯುತ್ತಿತ್ತು.

ಕರಿಯಮ್ಮ ಶೇಂಗಾ ಗಿಡ ಕೊಡವುತ್ತ ಶುರು ಮಾಡಿದಳು.

“ನಮ್ಮತ್ತೆಯ ಅತ್ತೆ ಹೇಳ್ತಿತ್ತು ಕಣವ್ವ. ಮಹಾರಾಜ್ರ ಕಾಲ್ದಾಗೆ ಹಿಂಗೇ ಬರ್ಕಳಾಕೆ ಬಂದಿದ್ರಂತೆ. ‘ಏನ್ ಕಾಯ್ತೀರಿ’ ಅಂತ ಕೇಳಿದ್ರಂತೆ. ಅಣ್ಣ ‘ಕುರಿ’ ಅಂದ್ನಂತೆ, ಅವನ್ನ ಕುರುಬ್ರು ಅಂತ ಬರ್ಕಂಡ್ರಂತೆ. ತಮ್ಮ ‘ದನ’ ಅಂದ್ನಂತೆ, ಅವನ್ನ ಗೊಲ್ಲ್ರು ಅಂತ ಬರ್ಕಂಡ್ರಂತೆ. ಒಂದೇ ಅವ್ವನ ಹೊಟ್ಟೇಲಿ ಹುಟ್ಟಿದೋರು ಸಂಜೆ ಹೊತ್ಗೆ ಎಲ್ಡು ಜಾತಿ!”

ಜಗಲಿಯ ಸುತ್ತ ಸೇರಿದ್ದ ಅಕ್ಕಪಕ್ಕದ ಮನೆಯವರೆಲ್ಲ ನಕ್ಕರು. ಅವಳು ನಗಲಿಲ್ಲ.

“ಆಮ್ಯಾಲ್ ಬಂದೋರು ಕೇಳೋದೇ ಬಿಟ್ರು. ನಾನ್ ಮದ್ವೆ ಆಗ್ ಬಂದ್ ಹೊಸ್ದಾಗಿ ಒಬ್ರು ಬಂದಿದ್ರು. ಏನ್ ಬರ್ಕಂಡ್ರಿ ಸ್ವಾಮಿ ಅಂದೆ. ‘ಇತರೆ’ ಅಂದ್ರು. ಇತರೆ ಅಂದ್ರೆ ಯಾರವ್ವ? ನಾನ್ ಯಾವತ್ತಾದ್ರೂ ಇತರೆ ಆಗಿದ್ನಾ?”

ನಾನು ಪಾಠದಲ್ಲಿ ಹೇಳುವುದೂ ಅದನ್ನೇ, ಇಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ ಅಷ್ಟೆ. ಬ್ರಿಟಿಷರ ಕಾಲದಲ್ಲಿ ಮೂಗಿನ ಅಗಲ, ತಲೆಯ ಸುತ್ತಳತೆ ಅಳೆದು ಇವರು ಇಂಥ ಜನಾಂಗ ಎಂದು ವಿಂಗಡಿಸಲು ಹೊರಟ ಅಧಿಕಾರಿಗಳಿದ್ದರು. ಸ್ವಾತಂತ್ರ್ಯ ಬಂದ ಮೇಲೆ ದೇಶದ ಗಣತಿ ಪರಿಶಿಷ್ಟರನ್ನು ಬಿಟ್ಟು ಉಳಿದವರ ಜಾತಿ ಕೇಳುವುದನ್ನೇ ನಿಲ್ಲಿಸಿತು. ಇದು ನಮ್ಮ ಒಂದೇ ದೇಶದ ಕಥೆಯಲ್ಲ. ಅಮೆರಿಕದಲ್ಲಿ ಬಹುಕಾಲ ಗಣತಿಗೆ ಬಂದವನೇ ಮುಖದ ಬಣ್ಣ ನೋಡಿ ಕರಿಯ, ಬಿಳಿಯ ಎಂದು ಬರೆದುಕೊಂಡು ಹೋಗುತ್ತಿದ್ದ. ಕರಿಯರ ರಕ್ತ ಎಷ್ಟು ಪಾಲು ಎಂದು ಅಂದಾಜಿಸಿ ಬೇರೆ ಬೇರೆ ಹೆಸರು ಕೊಟ್ಟ ಗಣತಿಯೂ ಅಲ್ಲಿ ಆಗಿದೆ. ನಮ್ಮ ದೇಶದಿಂದ ಹೋದವರನ್ನು ಒಂದು ಕಾಲಕ್ಕೆ ‘ಹಿಂದೂ’ ಎನ್ನುವ ಜನಾಂಗದಲ್ಲಿ ಹಾಕಿದರು, ಅವರಲ್ಲಿ ಹೆಚ್ಚಿನವರು ಸಿಖ್ಖರಾಗಿದ್ದರೂ. ಆಮೇಲೆ ಬಿಳಿಯರ ಜೊತೆ ಸೇರಿಸಿದರು, ಅದಾದ ಮೇಲೆ ಏಷ್ಯಾದವರ ಜೊತೆ. ಜನ ಅವರೇ, ಮುಖ ಅದೇ, ಕಾಲಂ ಮಾತ್ರ ಬದಲಾಗುತ್ತಿತ್ತು. ಕೊನೆಗೆ ಎಷ್ಟೋ ವರ್ಷಗಳಾದ ಮೇಲೆ, ನೀವು ಯಾರು ಎಂದು ನಿಮ್ಮನ್ನೇ ಕೇಳುತ್ತೇವೆ ಎನ್ನುವ ತನಕ ಬಂದರು. ನನ್ನ ಜಾತಿಯ ಹೆಸರನ್ನು ಯಾವ ಪಟ್ಟಿಯಲ್ಲೂ ನಾನು ಹುಡುಕಬೇಕಾಗಿ ಬಂದಿರಲಿಲ್ಲ. ಕೇಳುವುದು ಅಷ್ಟು ದೊಡ್ಡ ವಿಷಯ ಎಂದು ಆ ದಿನದ ತನಕ ನನ್ನ ಮನಸ್ಸಿಗೆ ನಾಟಿರಲೂ ಇಲ್ಲ.

ಕರಿಯಮ್ಮ ಎದ್ದಳು. ಸೀರೆಯ ಮಣ್ಣು ಕೊಡವಿಕೊಂಡು ಗುಡಿಯ ಕಡೆ ನಡೆದಳು. ಗುಡಿಯ ಕಟ್ಟೆಯ ಮೇಲೆ ಹಟ್ಟಿದೇವರ ಪೂಜಾರಿ, ಎಲ್ಲರಿಗಿಂತ ಹಿರಿಯ ಅಜ್ಜ, ಎಲೆ ಅಡಿಕೆ ಹಾಕುತ್ತ ಕೂತಿದ್ದ. ಅವನ ಮಾತು ಮೀರಿ ಆ ಹಟ್ಟಿಯಲ್ಲಿ ಯಾರೂ ಏನೂ ಮಾಡುತ್ತಿರಲಿಲ್ಲ.

“ಪೂಜಾರಪ್ಪ, ಒಂದ್ ಮಾತು ಹೇಳು. ಹಟ್ಟಿಯೋರು ಹೊರಗ್ ಹೋಗಿ ಬಾಣಂತಿ ಹತ್ರ ಕುಂತು, ಮಿಂದು ಒಳಗ್ ಬಂದ್ರೆ ತಪ್ಪೈತಾ?”

ಅಜ್ಜ ಯೋಚಿಸಿದ. “ಮಿಂದ್ ಬಂದ್ರೆ ಏನ್ ತಪ್ಪು? ನೀರ್ ಬಿದ್ಮ್ಯಾಲೆ ಮೈಲಿಗೆ ಹೋತು.”

“ಎಲ್ರಿಗೂ ಅದೇ ಮಾತಾ?”

“ಎಲ್ರಿಗೂ ಅದೇ ಮಾತು.”

“ಹಂಗಾರೆ ಕೇಳ್ರಪ್ಪ!” ಕರಿಯಮ್ಮ ಹಟ್ಟಿಯ ನಡುವೆ ನಿಂತು ಕೂಗಿದಳು. “ಮೇಡಮ್ಮ ಹೊರಗೇ ಕುಂತ್ಕಳ್ಳಿ. ನಾವೇ ಹೊರಗ್ ಹೋಗಾಣ. ಹುಣಸೇಮರದ್ ಕೆಳಗೆ ಎಲ್ರೂ ಬರಸಾಣ. ಆಮ್ಯಾಲ್ ಬೋರ್‌ನಾಗೆ ಮಿಂದು ಒಳಗ್ ಬರಾಣ. ನಡೀರಿ!”

ಗೊಣಗಾಟ ಶುರುವಾಯಿತು. ಈ ಚಳಿಯಲ್ಲಿ ಸ್ನಾನವಾ ಎಂದರು. ನೆಗಡಿ ಎಂದರು. ಒಬ್ಬ, “ಒಬ್ಳಿಗೋಸ್ಕರ ಇಷ್ಟೊಂದ್ ಜನ ಮೀಬೇಕಾ ದೊಡ್ಡವ್ವ?” ಎಂದ.

“ಹೂಂ ಕಣ್ಲೇ. ನೀನ್ ಹುಟ್ಟಿದಾಗ ನಿಮ್ಮವ್ವನ ಹತ್ರ ರಾತ್ರಿಯೆಲ್ಲ ಕುಂತು ಬೆಳಗಾಗೆದ್ದು ತಣ್ಣೀರ್ ಹುಯ್ಕಂಡೋಳು ನಾನು. ಈಗ ತೀರ್ಸು” ಎಂದಳು.

ಅವನು ಎದ್ದ. ಮೊದಲು ಹೆಂಗಸರು ಹೊರಟರು. ಅದರಲ್ಲೂ ಆ ಗುಡಿಸಲಿನಲ್ಲಿ ಮಲಗಿ ಎದ್ದು ಬಂದವರು, ಅಂದರೆ ಎಲ್ಲರೂ. ಆಮೇಲೆ ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರು. ನೋಡ ನೋಡುತ್ತ ಹಟ್ಟಿ ಖಾಲಿಯಾಗಿ ಹುಣಸೆಮರದ ಕೆಳಗೆ ತುಂಬಿಕೊಂಡಿತು. ಬೇಲಿಯೊಳಗೆ ದೇವರು, ಕುರಿಮರಿ, ಪೂಜಾರಿ ಅಜ್ಜ ಇಷ್ಟೇ ಉಳಿದದ್ದು. ಸ್ವಲ್ಪ ಹೊತ್ತಿಗೆ ಅಜ್ಜನೂ ಒಬ್ಬನೇ ಕೂರಲಾರದೆ ಬೇಲಿಯ ಬಾಗಿಲಿಗೆ ಬಂದು ನಿಂತ.

ನಾನು ಗುಡಿಸಲಿನ ಬಾಗಿಲಲ್ಲಿ ಕವಿತಾಳ ಪಕ್ಕ ಕೂತೆ. ಅವಳ ಕಂಬಳಿಯ ಒಂದು ತುದಿ ನನ್ನ ಹೆಗಲಿಗೂ ಬಂತು. ಕುರಿಯ, ಮಳೆಯ, ಬಾಣಂತಿಯ, ಬೆಳ್ಳುಳ್ಳಿಯ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಆಶ್ಚರ್ಯವೆಂದರೆ ಬೇಲಿಯಾಚೆ ನೆಟ್‌ವರ್ಕ್ ಇತ್ತು! ಹಟ್ಟಿಯೊಳಗೆ ದಿನವಿಡೀ ಗರಗರ ಸುತ್ತಿದ ಆ್ಯಪು ಅಲ್ಲಿ ಬಾಯಿ ತೆರೆದು ಕೂತಿತು. “ನಾನ್ ಇಲ್ಲಿಂದ ದಿನಾ ವಿಡಿಯೋ ನೋಡ್ತೀನಿ ಮೇಡಂ, ನಮ್ಮೆಜಮಾನ್ರಿಗೆ ಹೇಳ್‌ಬ್ಯಾಡ್ರಿ” ಎಂದು ಕವಿತಾ ನನ್ನ ಕಿವಿಯಲ್ಲಿ ಉಸುರಿದಳು.

“ಹೆಸರು?”

“ಕವಿತಾ.” ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು.

“ಜಾತಿ?”

“ಕಾಡುಗೊಲ್ಲ.”

ನಾನು ಅಕ್ಷರ ಒತ್ತುತ್ತಿದ್ದಂತೆ ಉದ್ದ ಪಟ್ಟಿಯೊಳಗಿಂದ ಆ ಹೆಸರು ಮೇಲೆ ಬಂದು ನಿಂತಿತು. ಮೊಬೈಲನ್ನು ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಒಂದು ಸಲ ಓದಿದಳು, ಇನ್ನೊಂದು ಸಲ ಜೋರಾಗಿ ಓದಿದಳು, ಆಮೇಲೆ ತಾನೇ ಬೆರಳಿಟ್ಟು ಒತ್ತಿದಳು. ನನ್ನ ಕಣ್ಣು ಮಂಜಾಯಿತು. ಮಳೆ ಎಂದು ಹೇಳಿ ಒರೆಸಿಕೊಂಡೆ, ಯಾರೂ ನಂಬಲಿಲ್ಲ.

“ಮಗೂದು ಹೆಸರು? ಇಲ್ಲದಿದ್ರೆ ಬರೀ ಹೆಣ್ಣು ಮಗು ಅಂತ ಹಾಕ್ತೀನಿ” ಎಂದೆ.

ಅವಳು ಅತ್ತೆಯ ಮುಖ ನೋಡಿದಳು. ಹೆಸರಿಡುವ ಶಾಸ್ತ್ರ ಆಗಿರಲಿಲ್ಲ. ಕರಿಯಮ್ಮ, “ನಂದ್ ಮಾತ್ರ ಇಡ್‌ಬ್ಯಾಡ, ನಾನ್ ಇನ್ನೂ ಬದ್ಕಿದೀನಿ” ಎಂದಳು. ಅದೇ ಒಪ್ಪಿಗೆ.

“ಸಿಂಚನಾ” ಎಂದಳು ಕವಿತಾ. ಯಾವತ್ತೋ ಆರಿಸಿಟ್ಟುಕೊಂಡಿದ್ದಳು ಎಂದು ಹೇಳಿದ ರೀತಿಯಲ್ಲೇ ಗೊತ್ತಾಯಿತು.

ಚಿಕ್ಕಣ್ಣನ ಮನೆಯ ಮೂರು ಐದಾಯಿತು. ಅವನಿಗೆ ಓದಿ ಹೇಳಿದೆ. ಅವನು ಮಗಳ ಹೆಸರನ್ನು ಮೊದಲ ಸಲ ಕೇಳುತ್ತಿದ್ದ. ಬಾಯಲ್ಲಿ ಒಂದೆರಡು ಸಲ ಹೇಳಿಕೊಂಡ, “ಕಳಿಸ್ರಿ ಮೇಡಂ” ಎಂದ.

ಆಮೇಲೆ ಉಳಿದ ಮನೆಗಳು. ಏನು ಉತ್ಸಾಹ ಬಂದಿತ್ತೋ ಜನಕ್ಕೆ! ಮುದುಕಿಯರು ತಮ್ಮ ಹೆಸರು ತಾವೇ ಹೇಳುತ್ತೇವೆಂದು ಮುಂದೆ ಬಂದರು. ಗಂಡನ ಬಾಯಿ ಮುಚ್ಚಿಸಿ ಹೇಳಿದವರೂ ಇದ್ದರು. ಜಾತಿಯ ಪ್ರಶ್ನೆ ಬಂದಾಗಲೆಲ್ಲ ಹೇಳಬೇಕಾದವರ ಜೊತೆ ಇಡೀ ಮರದ ಕೆಳಗಿನ ಗುಂಪೇ ಕೂಗಿ ಹೇಳುತ್ತಿತ್ತು. ಮೊದಲೇ ಬರೆಸಿ ಮುಗಿಸಿದ ಮನೆಯವರು, “ನಮ್ದೂ ಸರಿಯಾಗಿ ಐತಾ ನೋಡ್ರಿ ಮೇಡಂ” ಎಂದು ಮತ್ತೆ ಬಂದು ಕೂತರು. ಪುಣ್ಯಕ್ಕೆ ಸರಿಯಾಗಿಯೇ ಇತ್ತು. ಸಂಜೆ ಬೆಳಕಿರುವಾಗಲೇ ಹಟ್ಟಿ ಮುಗಿಯಿತು.

ಇನ್ನು ಸ್ನಾನ. ಬೋರಿನ ಪೈಪು ಬಿಟ್ಟರು. ಹೆಂಗಸರಿಗೆ ಒಂದು ಕಡೆ ಸೀರೆ ಅಡ್ಡ ಹಿಡಿದು, ಗಂಡಸರಿಗೆ ಇನ್ನೊಂದು ಕಡೆ. ಕಿರುಚಾಟ, ನಗು, ಹಲ್ಲು ಕಟಕಟ. ಕರಿಯಮ್ಮ, “ಮೇಡಮ್ಮ, ನೀನೂ!” ಎಂದು ನನ್ನ ನೆತ್ತಿಯ ಮೇಲೆ ಒಂದು ತಂಬಿಗೆ ಸುರಿದೇಬಿಟ್ಟಳು. ಕವಿತಾಳಿಗೆ ಮಾತ್ರ ಯಾರೋ ಹಂಡೆಯಲ್ಲಿ ಬಿಸಿನೀರು ಕಾಯಿಸಿದ್ದರು. ಯಾಕೆ ಎಂದು ನಾನು ಆಗ ಯೋಚಿಸಲಿಲ್ಲ. ತಾಯಿಗೂ ಕೂಸಿಗೂ ಕರಿಯಮ್ಮನೇ ಎರೆದಳು.

ಎಲ್ಲರೂ ಒದ್ದೆ ತಲೆಯಲ್ಲಿ ಬೇಲಿಯ ಬಾಗಿಲಿಗೆ ಬಂದರು. ಕರಿಯಮ್ಮ ಕೊನೆಯಲ್ಲಿದ್ದಳು. ಅವಳ ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದು ಕೈಯಲ್ಲಿ ಸೊಸೆಯ ಕೈ. ಜನ ತಾವಾಗಿಯೇ ನಿಂತರು.

“ಅವ್ವಾ, ಅವ್ಳಿಗೆ ಇನ್ನೂ ದಿನ ಐತೆ” ಎಂದ ಚಿಕ್ಕಣ್ಣ, ಬಲು ಮೆಲ್ಲಗೆ.

“ಯಾರಿಗ್ಲೇ ದಿನ? ಇವತ್ತು ಹಟ್ಟಿಗ್ ಹಟ್ಟೀನೇ ಹೊರಗ್ ಬಂದಿತ್ತು. ಎಲ್ರೂ ಒಂದೇ ನೀರಾಗೆ ಮಿಂದ್ವಿ. ನಮ್ ಮೈಲಿಗೆ ತೊಳ್ದ ನೀರು ಅವಳ್ದು ತೊಳ್ಯಲ್ವಾ?” ಬಾಗಿಲಲ್ಲಿ ನಿಂತಿದ್ದ ಅಜ್ಜನ ಕಡೆ ತಿರುಗಿದಳು. “ನೀನೇ ಅಂದ್ಯಲ್ಲ ಪೂಜಾರಪ್ಪ. ಎಲ್ರಿಗೂ ಅದೇ ಮಾತು ಅಂತ.”

ಆಗ ತಿಳಿಯಿತು ನನಗೆ. ಶೇಂಗಾ ಬಿಡಿಸುತ್ತ ಕೂತಿದ್ದ ಆ ಮುದುಕಿ ಜಗಲಿಯಿಂದ ಏಳುವ ಮೊದಲೇ ಇಲ್ಲಿಯ ತನಕ ಯೋಚಿಸಿ ಮುಗಿಸಿದ್ದಳು. ನಾನೊಬ್ಬಳೇ ಹೊರಗೆ ಹೋಗಿ ಮಿಂದು ಬಂದಿದ್ದರೂ ಗಣತಿ ಮುಗಿಯುತ್ತಿತ್ತು. ಆದರೆ ಸೊಸೆಯನ್ನು ಲೆಕ್ಕಕ್ಕೆ ಸೇರಿಸಿ ಗುಡಿಸಲಿನಲ್ಲೇ ಬಿಟ್ಟು ಬರುವ ಇರಾದೆ ಅವಳಿಗೆ ಇರಲೇ ಇಲ್ಲ.

ಅಜ್ಜ ಎಲೆ ಅಡಿಕೆ ಉಗಿದ. ಎಲ್ಲರನ್ನೂ ನೋಡಿದ. ಚಳಿಗೆ ನಡುಗುತ್ತ ನಿಂತ ಅಷ್ಟೂ ಜನರಲ್ಲಿ ಒಬ್ಬರೂ ಕವಿತಾಳನ್ನು ಬಿಟ್ಟು ಒಳಗೆ ಕಾಲಿಡಲಿಲ್ಲ.

“ದಾರಿ ಬಿಡ್ರಪ್ಪ” ಎಂದ ಅಜ್ಜ. “ಕೂಸಿಗ್ ಥಂಡಿ ಆಗ್ತೈತೆ.”

ಹೆಂಗಸರು ಹಾಕಿದ ಕೇಕೆಗೆ ದೊಡ್ಡಿಯ ಕುರಿಗಳೆಲ್ಲ ಒದರಿದವು. ನಾನೂ ಕೂಗಿದೆ. ಮೂವತ್ತು ಮಕ್ಕಳ ತರಗತಿಯನ್ನು ಒಂದೇ ಗದರಿಗೆ ಸುಮ್ಮನಾಗಿಸುವ ಗಂಟಲು ನನ್ನದು. ಅದಕ್ಕೆ ಅವತ್ತು ಒಳ್ಳೆ ಕೆಲಸ ಸಿಕ್ಕಿತು. ಕವಿತಾ ಬಾಗಿಲಲ್ಲಿ ಒಂದು ಕ್ಷಣ ನಿಂತು ಹಿಂತಿರುಗಿ ನನ್ನನ್ನು ನೋಡಿ ನಕ್ಕಳು, ಒಳಗೆ ಹೋದಳು. ಬಸ್ಸಿಗೆ ಹೊರಟ ನನಗೆ ಕರಿಯಮ್ಮ ಸೊಸೆ ಹೊದ್ದಿದ್ದ ಆ ಕಂಬಳಿಯನ್ನೇ ಹೊದಿಸಿ ಕಳಿಸಿದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಹಿರಿಯೂರಿನ ತನಕ ಖಾಲಿಯಾಗಿಯೇ ಇತ್ತು, ಬಹುಶಃ ವಾಸನೆಗೆ. ನಾನು ಮಹಾರಾಣಿಯ ಹಾಗೆ ಕಾಲು ಚಾಚಿ ಕೂತು ಬಂದೆ.

ಮೊನ್ನೆ ತರಬೇತಿಯಲ್ಲಿ ಹೇಳಿದರು, ಈ ಸಲ ದೇಶದ ಜನಗಣತಿಯೂ ಎಲ್ಲರ ಜಾತಿ ಕೇಳುತ್ತದಂತೆ. ಯಾರಿಗೆ ಯಾವ ಊರು ಬೇಕು ಎಂದಾಗ ಕೈ ಎತ್ತಿದ್ದು ನಾನೊಬ್ಬಳೇ. ರಜೆ ಹಾಳಾಯಿತೆಂದು ಬೈದವಳು ಇವಳೇನಾ ಎಂದು ಪಕ್ಕದ ಮೇಡಂ ನೋಡಿದರು.

ನಿನ್ನೆ ಭಾನುವಾರ ಕಂಬಳಿ ಹಿಂದಿರುಗಿಸುವ ನೆಪದಲ್ಲಿ ಹಟ್ಟಿಗೆ ಹೋಗಿದ್ದೆ. ಹುಣಸೆಮರದ ಕೆಳಗಿನ ಗುಡಿಸಲು ಇನ್ನೂ ಇದೆ. ಆ ನಡೆ ಪೂರ್ತಿ ಹೋಯಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಒಂದೆರಡು ಮನೆಯವರು ಈಗಲೂ ಹೊರಗೆ ಕೂರಿಸುತ್ತಾರಂತೆ. ಆದರೆ ಅವತ್ತಿನಿಂದ ಆಚೆಗೆ ಮೂರು ಬಾಣಂತಿಯರು ಮನೆಯೊಳಗೇ ಮಲಗಿದ್ದಾರೆ. ನಾನು ಹೋದಾಗ ಗುಡಿಸಲಿನ ತುಂಬ ಈರುಳ್ಳಿ ಇತ್ತು.

ಬೇಲಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಂದು ಪುಟ್ಟ ಹುಡುಗಿ ಬೀಳುತ್ತ ಏಳುತ್ತ ನನ್ನ ಕಡೆ ಬಂದಳು, ಹಿಂದೆ ಚಿಕ್ಕಣ್ಣ. ಕವಿತಾ ಜಗಲಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ. ಕರಿಯಮ್ಮ ದೂರದಿಂದಲೇ, “ಜಾರ್ ಬಿದ್ದೀಯ ನೋಡ್ಕಂಡ್ ಬಾರವ್ವ” ಎಂದಳು.

ತಮಾಷೆಗೆ ಕೇಳಿದೆ. “ಚಿಕ್ಕಣ್ಣ, ಮತ್ತೆ ಗಣತಿಗೆ ಬರ್ತಿದೀನಪ್ಪ. ಮನೇಲಿ ಎಷ್ಟು ಜನ?”

ಅವನು ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

“ಮೊದ್ಲು ಇವಳ್ನ ಬರ್ಕಳ್ರಿ ಮೇಡಂ” ಎಂದ. “ಆಮ್ಯಾಲ್ ನಮ್ದು.”